ಮಾನಿಟರ್ ಮೀಮಾಂಸೆ

ಮಾನಿಟರ್ ಪರೀಕ್ಷೆಗೆ ಕಣ್ಣು ಬೇಕು ಎಂಬ ತಪ್ಪು ತಿಳಿವಳಿಕೆ ನಮ್ಮ ಜನರಲ್ಲಿ ಇನ್ನೂ ಉಳಿದಿದೆ. ದೆಹಲಿಯ ನೆಹರು ಪ್ಲೇಸಿನಲ್ಲಿ ಒಂದು ಮಧ್ಯಾಹ್ನ ಕಳೆದವರಿಗೆ ಈ ಭ್ರಮೆ ಇರುವುದಿಲ್ಲ. ಅಲ್ಲಿ ಕೊಳ್ಳುವವರು ಮೊದಲು ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುತ್ತಾರೆ, ಆಮೇಲೆ ಪರದೆಯ ಅಂಚನ್ನು ಬೆರಳಿನಿಂದ ತಟ್ಟುತ್ತಾರೆ, ಆಮೇಲೆ ಸ್ಟ್ಯಾಂಡ್ ಹಿಡಿದು ಅಲ್ಲಾಡಿಸುತ್ತಾರೆ, ಕೊನೆಗೆ ಜೊತೆಗೆ ಬಂದ ಭಾವಮೈದುನನ ಮುಖ ನೋಡುತ್ತಾರೆ. ಪರದೆಯಲ್ಲಿ ಏನು ಕಾಣುತ್ತಿದೆ ಎಂಬುದು ಈ ಕ್ರಮದಲ್ಲಿ ಎಲ್ಲೂ ಬರುವುದಿಲ್ಲ. ಬರಬೇಕಾದ ಅಗತ್ಯವೂ ಇಲ್ಲ. ಭಾವಮೈದುನ ತಲೆಯಾಡಿಸಿದ ಮೇಲೆ ಚಿತ್ರದ ಗುಣಮಟ್ಟದ ಪ್ರಶ್ನೆ ತಾನಾಗಿಯೇ ಇತ್ಯರ್ಥವಾಗುತ್ತದೆ.

ಈ ಶಾಸ್ತ್ರದ ಬಗ್ಗೆ ಬರೆಯಲು ನನಗಿರುವ ಅಧಿಕಾರ ಪ್ರಶ್ನಾತೀತ. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕ ಮುಗಿದು, ಜನ ಕಾಫಿ ಲೋಟ ಹಿಡಿದು ಗುಂಪುಗುಂಪಾಗಿ ನಿಂತಾಗ, ಯಾರಾದರೂ ‘ಮಗನಿಗೊಂದು ಮಾನಿಟರ್ ಕೊಡಿಸಬೇಕಲ್ಲ’ ಅಂದರೆ, ಮೊದಲು ಬಾಯಿ ತೆರೆದವನೇ ರಾಜಧಾನಿಯ ಕನ್ನಡಿಗರಿಗೆ ತಜ್ಞ. ನಾನು ತೆರೆದೆ. ಅಂದಿನಿಂದ ದ್ವಾರಕಾದ ಸೊಸೈಟಿ ಫ್ಲ್ಯಾಟುಗಳಿಂದ ಮಯೂರ್ ವಿಹಾರದವರೆಗೆ, ಆಚೆ ನೋಯ್ಡಾ, ಈಚೆ ಗುರುಗ್ರಾಮದವರೆಗೆ ನನ್ನ ಸಲಹೆಯಂತೆ ಕೊಂಡ ಪರದೆಗಳು ಉರಿಯುತ್ತಿವೆ. ಈವರೆಗೆ ಯಾರೂ ದೂರಿಲ್ಲ. ದೂರಬಹುದಾಗಿದ್ದವರು ಮಾತು ಬಿಟ್ಟಿದ್ದಾರೆ.

ಮೊದಲು ಕ್ಷೇತ್ರ ಪರಿಚಯ. ನೆಹರು ಪ್ಲೇಸಿನಲ್ಲಿ ವಯೊಲೆಟ್ ಲೈನಿನ ಮೆಟ್ರೊ ಇಳಿದು ಹೊರಬಂದರೆ, ಬಣ್ಣ ಮಾಸಿದ ಬಹುಮಹಡಿ ಕಟ್ಟಡಗಳು, ನಡುವೆ ಕಲ್ಲುಹಾಸಿನ ಅಂಗಳ, ಅಂಗಳದ ತುಂಬ ಕೀಬೋರ್ಡ್, ಚಾರ್ಜರ್, ಮೊಬೈಲ್ ಕವರುಗಳ ರಾಶಿ. ಹತ್ತು ಹೆಜ್ಜೆ ಇಡುವುದರೊಳಗೆ ಒಬ್ಬ ಪಕ್ಕಕ್ಕೆ ಬಂದು ‘ಸರ್, ಲ್ಯಾಪ್‌ಟಾಪ್? ಕಾರ್ಟ್ರಿಜ್? ಸಾಫ್ಟ್‌ವೇರ್?’ ಎಂದು ಗುಟ್ಟಾಗಿ ಕೇಳುತ್ತಾನೆ. ಅವನ ದನಿ ಕೇಳಿದವರಿಗೆ ಕಾರ್ಟ್ರಿಜ್ ಅಂದರೆ ಪ್ರಿಂಟರಿನದೋ ಬಂದೂಕಿನದೋ ಎಂಬ ಅನುಮಾನ ಬಂದರೆ ತಪ್ಪಿಲ್ಲ. ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕಚೇರಿ ತನ್ನ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ಈ ಜಾಗದ ಹೆಸರನ್ನು ಸೇರಿಸಿದ್ದುಂಟು. ಅಂತರರಾಷ್ಟ್ರೀಯ ಮನ್ನಣೆ ದೊರೆತ ಮಾರುಕಟ್ಟೆಗಳು ನಮ್ಮಲ್ಲಿ ಎಷ್ಟಿವೆ? ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪಳಗಿದವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಎಸ್.ಪಿ. ರೋಡಿನಲ್ಲಿ ಅಂಗಡಿಯವನು ‘ತಗೊಳ್ಳಿ ಸಾರ್, ಪ್ರಾಬ್ಲಮ್ ಇಲ್ಲ’ ಅನ್ನುತ್ತಾನೆ. ಇಲ್ಲಿಯವನು ‘ಪ್ಯಾನೆಲ್ ಬಢಿಯಾ ಹೈ’ ಎಂದು ಬಾಯ್ಬಿಟ್ಟು ಹೇಳುತ್ತಾನೆ. ಗುಣಮಟ್ಟದ ಲಿಖಿತ ಪ್ರಮಾಣಪತ್ರ ಕೇಳುವವರು ಈ ವಾಕ್ಯವನ್ನು ಬರೆದುಕೊಳ್ಳಬಹುದು.

ಇನ್ನು ಲಕ್ಷಣಗಳು. ಪೆಟ್ಟಿಗೆಯ ಮೇಲೆ ಮೊದಲು ಎದ್ದು ಕಾಣುವುದು ಕಾಂಟ್ರಾಸ್ಟ್, ಅಂದರೆ ಪರದೆಯ ಕಡುಬಿಳಿ ಅದರ ಕಡುಕಪ್ಪಿಗಿಂತ ಎಷ್ಟು ಪಟ್ಟು ಬೆಳಗುತ್ತದೆ ಎಂಬ ಲೆಕ್ಕ. ಸಾಧಾರಣ ಐಪಿಎಸ್ ಪ್ಯಾನೆಲಿನಲ್ಲಿ ಇದು 1000:1, ವಿಎ ಪ್ಯಾನೆಲಿನಲ್ಲಿ 3000:1ರ ಸುತ್ತಮುತ್ತ. ಇಂಥ ಬಡ ಸಂಖ್ಯೆಯನ್ನು ಅಚ್ಚು ಹಾಕಿದರೆ ಕೊಳ್ಳುವವನ ಮರ್ಯಾದೆ ಏನಾಗಬೇಕು? ಅದಕ್ಕೇ ‘ಡೈನಾಮಿಕ್ ಕಾಂಟ್ರಾಸ್ಟ್’ ಹುಟ್ಟಿತು. ಪೆಟ್ಟಿಗೆ ಈಗ 10 ಕೋಟಿಗೆ 1 ಅನ್ನುತ್ತದೆ. ವಿಧಾನ ಸರಳ. ಬಿಳಿ ತೋರಿಸುವಾಗ ಹಿಂಬೆಳಕನ್ನು ಪೂರ್ತಿ ಏರಿಸಿ ಅಳೆಯುವುದು, ಕಪ್ಪು ತೋರಿಸುವಾಗ ದೀಪವನ್ನೇ ಹೆಚ್ಚುಕಡಿಮೆ ಆರಿಸಿ ಅಳೆಯುವುದು, ಒಂದನ್ನು ಇನ್ನೊಂದರಿಂದ ಭಾಗಿಸುವುದು. ಬಿಳಿಯೂ ಕಪ್ಪೂ ಒಂದೇ ಹೊತ್ತಿಗೆ ಪರದೆಯ ಮೇಲೆ ಇರಬೇಕೆಂಬ ಷರತ್ತು ಇಲ್ಲಿಲ್ಲ. ಇದೇ ಉದಾರತೆಯಿಂದ ಲೆಕ್ಕ ಹಾಕಿದರೆ ದೆಹಲಿಯ ಜನವರಿ ನಸುಕಿನ 4 ಡಿಗ್ರಿಯನ್ನೂ ಮೇ ಮಧ್ಯಾಹ್ನದ 45 ಡಿಗ್ರಿಯನ್ನೂ ಕೂಡಿಸಿ ಎರಡರಿಂದ ಭಾಗಿಸಿ, ಇದು ಮೈಸೂರಿನಂಥ ತಂಪು ಊರು ಎಂದು ಸಂಬಂಧಿಕರಿಗೆ ಕಾಗದ ಬರೆಯಬಹುದು.

ಹಿಂಬೆಳಕು ಪೂರ್ತಿ ಆರಿದರೆ ಭಾಜಕ ಸೊನ್ನೆಯಾಗುತ್ತದೆ. ಸೊನ್ನೆಯಿಂದ ಭಾಗಿಸಿದ ರಾಶಿಗೆ ಭಾಸ್ಕರಾಚಾರ್ಯರು 12ನೇ ಶತಮಾನದಲ್ಲೇ ‘ಖಹರ’ ಎಂದು ಹೆಸರಿಟ್ಟು, ಅದು ಅನಂತ ಎಂದಿದ್ದಾರೆ. ಅವರು ನಮ್ಮ ಬಿಜಾಪುರದವರು ಎಂಬ ವಾದವೂ ಇರುವುದರಿಂದ, ಮಾನಿಟರ್ ಪೆಟ್ಟಿಗೆಗಳ ಮೇಲಿನ ಅಂಕಿಗಳಿಗೆ ಮೂಲ ಕರ್ನಾಟಕವೇ ಎಂದು ನಾನು ಕಾಫಿ ಗುಂಪಿನಲ್ಲಿ ಪ್ರತಿಪಾದಿಸಿದ್ದೇನೆ. ಯಾರೂ ಖಂಡಿಸಲಿಲ್ಲ, ಊಟಕ್ಕೆ ಹೊತ್ತಾಗಿತ್ತು. ಓದುಗರಿಗೆ ನಿಯಮ ಇಷ್ಟೇ: ಯಾವ ಪೆಟ್ಟಿಗೆಯ ಮೇಲೆ ಸೊನ್ನೆ ಹೆಚ್ಚೋ ಅದನ್ನು ಎತ್ತಿ. ಸೊನ್ನೆಗೆ ಜಿಎಸ್‌ಟಿ ಇಲ್ಲ.

ಪ್ಯಾನೆಲಿನ ಕುಲಗೋತ್ರ ವಿಚಾರಿಸುವುದು ಮುಂದಿನ ಹಂತ. ದ್ರವಸ್ಫಟಿಕಗಳು ಒಳಗೆ ಸುರುಳಿ ಸುತ್ತಿಕೊಂಡಿದ್ದರೆ ಟಿಎನ್, ನೆಟ್ಟಗೆ ನಿಂತಿದ್ದರೆ ವಿಎ, ಮಲಗಿದಲ್ಲೇ ಹೊರಳಿದರೆ ಐಪಿಎಸ್. ಮಲಗಿದಲ್ಲೇ ಹೊರಳುವುದು ದೊಡ್ಡ ಸಾಧನೆಯೇ ಎಂದು ಕೇಳಬೇಡಿ. ಜಪಾನಿನ ಹಿಟಾಚಿ ಕಂಪನಿ 1996ರ ಹೊತ್ತಿಗೆ ಇದನ್ನು ಸಾಧಿಸಿ ಮಾರುಕಟ್ಟೆಗೆ ಬಿಟ್ಟ ಮೇಲೆಯೇ ಪಕ್ಕದಿಂದ ನೋಡಿದರೂ ಬಣ್ಣ ಕೆಡದ ದ್ರವಸ್ಫಟಿಕ ಪರದೆ ಜನಕ್ಕೆ ಸಿಕ್ಕಿದ್ದು. ಆದರೆ ದೆಹಲಿಯಲ್ಲಿ ಐಪಿಎಸ್ ಓಡುವುದು ಈ ಕಾರಣಕ್ಕಲ್ಲ. ‘ನಮ್ಮನೇಲಿ ಐಪಿಎಸ್ ಇದೆ’ ಎಂದು ಹೇಳಿಕೊಳ್ಳುವ ಅವಕಾಶ ಈ ಊರಿನಲ್ಲಿ ಹತ್ತು ಸಾವಿರದೊಳಗೆ ಬೇರೆ ಯಾವ ರೀತಿಯಲ್ಲೂ ಸಿಗುವುದಿಲ್ಲ. ಟಿಎನ್ ವಿಷಯದಲ್ಲಿ ನಮ್ಮ ಸಂಘದ ಹಿರಿಯರೊಬ್ಬರು ಹೆಸರು ಕೇಳಿದೊಡನೆ ‘ಬೇಡ’ ಎಂದರು. ಕಾವೇರಿ ನ್ಯಾಯಮಂಡಳಿಯ ಕಲಾಪಗಳನ್ನು ವರ್ಷಗಟ್ಟಲೆ ಹತ್ತಿರದಿಂದ ಕಂಡವರು ಅವರು. ನಿರ್ಧಾರ ತಾಂತ್ರಿಕವಾಗಿ ಸರಿಯಾಗಿಯೇ ಇತ್ತು. ಹಾಗೆಂದು ಟಿಎನ್‌ಗೆ ಉಪಯೋಗವೇ ಇಲ್ಲವೆಂದಲ್ಲ. ಗುರುಗ್ರಾಮದ ಅಡ್ಡಗೋಡೆಯಿಲ್ಲದ ಕಚೇರಿಗಳಲ್ಲಿ, ಬೆನ್ನ ಹಿಂದೆ ಓಡಾಡುವ ಮ್ಯಾನೇಜರಿಗೆ ಓರೆಯಿಂದ ಏನೂ ಸರಿಯಾಗಿ ಕಾಣದಂತೆ ಮಾಡುವ ಗುಣ ಆ ಹಳೆಯ ಪ್ಯಾನೆಲಿಗಿತ್ತು. 178 ಡಿಗ್ರಿ ನೋಟಕೋನ ಬಂದ ಮೇಲೆ ಆ ನೆಮ್ಮದಿ ಹೋಯಿತು.

ಬಣ್ಣದ ವಿಷಯದಲ್ಲಿ ಪೆಟ್ಟಿಗೆ ‘72 ಶೇಕಡಾ ಎನ್‌ಟಿಎಸ್‌ಸಿ’ ಅನ್ನುತ್ತದೆ. ಇದು ಅಮೆರಿಕ ತನ್ನ ಟಿವಿಗಾಗಿ 1953ರಲ್ಲಿ ಮಾಡಿಕೊಂಡ ಬಣ್ಣದ ಮಾನದಂಡ. ದೆಹಲಿಯಲ್ಲಿ ದೂರದರ್ಶನ ಶುರುವಾದದ್ದು 1959ರಲ್ಲಿ. ದೇಶಕ್ಕೆ ಬಣ್ಣ ಬಂದದ್ದು 1982ರಲ್ಲಿ, ಇದೇ ಊರಿನ ಏಷ್ಯನ್ ಕ್ರೀಡಾಕೂಟದ ವರ್ಷ. ಆಗಲೂ ನಾವು ಆರಿಸಿಕೊಂಡದ್ದು ಪಾಲ್ ಪದ್ಧತಿಯನ್ನು. ಹೀಗಾಗಿ ಭಾರತ ಎಂದೂ ಬಳಸದ ಮಾನದಂಡದಲ್ಲಿ, ಅಮೆರಿಕವೂ ಕೈಬಿಟ್ಟ ಬಣ್ಣಗಳಲ್ಲಿ, ನೂರಕ್ಕೆ 72 ಅಂಕ ಪಡೆದ ಪರದೆಯನ್ನು ನಾವು ಫಸ್ಟ್ ಕ್ಲಾಸೆಂದು ಮನೆಗೆ ತರುತ್ತೇವೆ. ಈ 72, ಕಂಪ್ಯೂಟರಿನ ದಿನಬಳಕೆಯ ಎಸ್‌ಆರ್‌ಜಿಬಿ ಬಣ್ಣಗಳಿಗೆ ಹೆಚ್ಚುಕಡಿಮೆ ಪೂರ್ತಿ ಸಾಕಾಗುತ್ತದೆ ಎಂಬುದು ನಿಜ. ಆದರೆ ಅದನ್ನು ಹೇಳಿದರೆ ಸ್ವಾರಸ್ಯ ಹೋಗುತ್ತದೆ. ಪೆಟ್ಟಿಗೆಯ ಮೇಲೆ 45 ಶೇಕಡಾ ಎಂದಿದ್ದರೆ ಕೆಂಪು ಇಟ್ಟಿಗೆ ಬಣ್ಣಕ್ಕೂ ಹಸಿರು ಪಾಚಿ ಬಣ್ಣಕ್ಕೂ ಇಳಿಯುತ್ತದೆ. ಹೊಗೆಮಂಜು ಕವಿದ ನವೆಂಬರಿನಲ್ಲಿ ಕಿಟಕಿಯಿಂದ ಹೊರಗೆ ನೋಡಿ ಹೋಲಿಸಿದರೆ ಅದೂ ದೆಹಲಿಗೆ ಹೆಚ್ಚೇ.

ಒಟ್ಟು ಬಣ್ಣಗಳ ಎಣಿಕೆಯನ್ನೂ ಕೊಟ್ಟಿರುತ್ತಾರೆ. ನಿಜವಾದ 8 ಬಿಟ್ ಪ್ಯಾನೆಲಿನಲ್ಲಿ 1,67,77,216. ಅಗ್ಗದ 6 ಬಿಟ್ ಪ್ಯಾನೆಲಿನ ಕೈಯಲ್ಲಿರುವುದು 2,62,144 ಮಾತ್ರ. ಉಳಿದದ್ದನ್ನು ಅದು ಅಕ್ಕಪಕ್ಕದ ಎರಡು ಛಾಯೆಗಳನ್ನು ಸರಸರನೆ ಬದಲಿಸಿ, ನಡುವಿನ ಬಣ್ಣ ಕಂಡಂತೆ ನಿಮ್ಮ ಕಣ್ಣನ್ನು ನಂಬಿಸಿ ತೋರಿಸುತ್ತದೆ. ಹಿಂದೆ ಇಂಥ ಪೆಟ್ಟಿಗೆಗಳ ಮೇಲೆ ಸಂಕೋಚದಿಂದ ‘1.62 ಕೋಟಿ ಬಣ್ಣ’ ಎಂದು ಬರೆಯುತ್ತಿದ್ದರು. ಕಾಣೆಯಾದ ಐದಾರು ಲಕ್ಷ ಬಣ್ಣಗಳ ಬಗ್ಗೆ ಕಾಲ್ಕಾಜಿ ಠಾಣೆಯಲ್ಲಿ ಯಾರೂ ದೂರು ಕೊಟ್ಟಂತಿಲ್ಲ.

ಅಂಗಡಿಯಲ್ಲಿ ಹಾಕಿ ತೋರಿಸುವ ವಿಡಿಯೊದ ಮಹಿಮೆಯನ್ನು ಇಲ್ಲಿ ಹೇಳಲೇಬೇಕು. ಅದರಲ್ಲಿ ಪಂಚರಂಗಿ ಗಿಳಿ ಇರುತ್ತದೆ. ಹವಳದ ದಿಬ್ಬದಲ್ಲಿ ಮೀನು ಈಜುತ್ತದೆ. ಹೋಳು ಮಾಡಿದ ಕಿವಿ ಹಣ್ಣಿನ ಮೇಲೆ ನೀರ ಹನಿ ನಿಧಾನವಾಗಿ ಬೀಳುತ್ತದೆ. ಲೋಕದ ಯಾವ ಅಂಗಡಿಯಲ್ಲೂ ಮಾನಿಟರಿನಲ್ಲಿ ಹಾಜರಿ ಪುಸ್ತಕವನ್ನೋ, ಟ್ಯಾಲಿ ಲೆಕ್ಕವನ್ನೋ, ವರ್ಡ್ ಕಡತವನ್ನೋ ಹಾಕಿ ತೋರಿಸಿದ್ದನ್ನು ಯಾರೂ ಕಂಡಿಲ್ಲ. ಮಾನಿಟರುಗಳನ್ನು ತಯಾರಿಸುವುದು ಗಿಳಿ ನೋಡಲಿಕ್ಕೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಸಿದ್ಧಾಂತಕ್ಕೆ ಅಪಚಾರವೆಸಗಿದ ಒಂದು ಪ್ರಸಂಗವನ್ನು ದಾಖಲಿಸದೆ ವಿಧಿಯಿಲ್ಲ. ಮುನಿರ್ಕಾದಲ್ಲಿ ಮಗನ ಮನೆಯಲ್ಲಿರುವ ಒಬ್ಬ ನಿವೃತ್ತ ಕನ್ನಡ ಅಧ್ಯಾಪಕಿ, ಪುಸ್ತಕಗಳ ಕರಡು ತಿದ್ದುವವರು, ನನ್ನ ಜೊತೆ ನೆಹರು ಪ್ಲೇಸಿಗೆ ಬಂದರು. ಅಂಗಡಿಯ ಹುಡುಗ ನನ್ನ ಅಂತಸ್ತನ್ನು ಗುರುತಿಸಿ 27 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಗಿಳಿ ಹಾಕಿದ. ನಾನು ತಲೆದೂಗಿದೆ. ಅವರು ‘ಭಯ್ಯಾ, ಯೇ ತೋತಾ ಹಟಾವೋ’ ಎಂದು ಕೈಚೀಲದಿಂದ ಪೆನ್‌ಡ್ರೈವ್ ತೆಗೆದರು. ಒಳಗಿದ್ದದ್ದು ಯಾವುದೋ ಸಂಸ್ಥೆಯ ವಾರ್ಷಿಕ ವರದಿ. ಕನ್ನಡದಲ್ಲಿ, ನಿರ್ಮಲಾ ಫಾಂಟಿನಲ್ಲಿ, 9 ಪಾಯಿಂಟಿನಲ್ಲಿ. ಗಿಳಿ ಹಾರಿಹೋಯಿತು. ಗಿರಾಕಿಗಳು ತಿರುಗಿ ನೋಡಿದರು.

ಏನಾಯಿತೆಂದು ವಿವರಿಸುತ್ತೇನೆ. ವಿಂಡೋಸಿನಲ್ಲಿ, ಹಿಗ್ಗಿಸದೆ ನೋಡಿದರೆ, 9 ಪಾಯಿಂಟಿನ ಅಕ್ಷರಕ್ಕೆ ಸಿಗುವುದು 12 ಚುಕ್ಕಿಗಳ ಎತ್ತರ. ಇಂಗ್ಲಿಷಿಗೆ ಅದು ಬಂಗಲೆ. ಕನ್ನಡ ಅದರೊಳಗೆ ತಲೆಕಟ್ಟು ಇಡಬೇಕು, ಹೊಟ್ಟೆ ಬರೆಯಬೇಕು, ಹೊಟ್ಟೆಯ ಕೆಳಗೆ ಒತ್ತಕ್ಷರ, ಅದರ ಕೆಳಗೆ ಇನ್ನೊಂದು ಒತ್ತಕ್ಷರ ತೂಗಿಸಬೇಕು. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ ಸುಮಾರು 92 ಚುಕ್ಕಿ. 27 ಇಂಚಿನಲ್ಲೂ ಅದೇ 20,73,600 ಚುಕ್ಕಿಗಳೇ. ಜಾಗ ಕಾಲುಭಾಗ ಹೆಚ್ಚಾದ್ದರಿಂದ ಹಿಗ್ಗಿ ಇಂಚಿಗೆ 82ಕ್ಕೆ ಇಳಿಯುತ್ತವೆ. ಅಧ್ಯಾಪಕಿ ಕನ್ನಡಕ ಹಾಕಿಕೊಂಡು ಪರದೆಗೆ ಒಂದು ಮೊಳ ದೂರದಲ್ಲಿ ಬಗ್ಗಿ ಓದಿದರು. ‘ಧನಸಹಾಯ’ ಎಂಬಲ್ಲಿ ಧಕಾರದ ಕೆಳಗಿನ ಸೀಳು ಕರಗಿಹೋಗಿ, ಸರ್ಕಾರ ಸಂಸ್ಥೆಗೆ ಮೂರು ಕಂತುಗಳಲ್ಲಿ ದನಗಳನ್ನು ಕೊಟ್ಟಂತಾಗಿತ್ತು. ‘ರಾಷ್ಟ್ರೀಯ’ದ ಷಕಾರ ಹೊಟ್ಟೆಯ ಗೀಟು ಕಳೆದುಕೊಂಡು ಪಕಾರವಾಗಿತ್ತು. ಅದರ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿ ಕಡುಬೂದು ಮಚ್ಚೆಯೊಂದು ಉಳಿದಿತ್ತು.

ಹುಡುಗ ಇಣುಕಿ ನೋಡಿ ‘ಮ್ಯಾಡಮ್, ಯೇ ಜಲೇಬೀ ಜೈಸಾ ಕ್ಯಾ ಲಿಖಾ ಹೈ?’ ಎಂದ. ‘ಜಲೇಬೀ ಹೀ ಹೈ ಬೇಟಾ. ಏಕ್ ಏಕ್ ಚಕ್ಕರ್ ಅಲಗ್ ದಿಖನಾ ಚಾಹಿಎ’ ಎಂದರು ಅವರು. ಪಕ್ಕದಲ್ಲಿದ್ದ 24 ಇಂಚಿನದಕ್ಕೆ ಅದೇ ಕಡತ ಹಾಕಿಸಿ, ಅಕ್ಷರಗಳನ್ನು ಮೊದಲಿನಷ್ಟೇ ಗಾತ್ರಕ್ಕೆ ಹಿಗ್ಗಿಸಿದರು. ದನಗಳು ಧನವಾದವು, ಒತ್ತುಗಳು ಕಷ್ಟಪಟ್ಟಾದರೂ ಬೇರೆಬೇರೆಯಾದವು. ಆಮೇಲೆ ಹಾಗೆಯೇ 27 ಇಂಚಿನದೇ ಇನ್ನೊಂದು, 2560ಕ್ಕೆ 1440 ಚುಕ್ಕಿಗಳದು, ಇಂಚಿಗೆ 109. ಅದರಲ್ಲಿ ಸುರುಳಿಗಳು ಅಚ್ಚಾದ ಪುಸ್ತಕದಲ್ಲಿದ್ದಂತೆ ಬಿಡಿಬಿಡಿಯಾಗಿ ಕಂಡವು. ಬೆಲೆ ಕೇಳಿ ಅವರು ಕನ್ನಡಕ ತೆಗೆದರು. ಅಷ್ಟಕ್ಕೆ ಬಿಟ್ಟರೆ? ಪರದೆಯನ್ನು ಪೂರ್ತಿ ಕಪ್ಪು ಮಾಡಿಸಿ, ‘ಲೈಟ್ ಬಂದ್ ಕರೋ’ ಎಂದು ಅಂಗಡಿಯ ದೀಪ ಆರಿಸಿದರು. ಕತ್ತಲಲ್ಲಿ ಮೂಲೆಗಳಿಂದ ಸೋರುವ ಹಿಂಬೆಳಕು ಹಳದಿ ಕಲೆಗಳಾಗಿ ಕಂಡಿತು. ಆಮೇಲಂತೂ ಬಿಳಿ ಪರದೆಯ ಮುಂದೆ ಪೆನ್ಸಿಲನ್ನು ಬೀಸಣಿಗೆಯಂತೆ ಆಡಿಸಿ, ನೆರಳು ಮಸುಕಾಗಿ ಹರಡುತ್ತದೆಯೋ ಕಡ್ಡಿಕಡ್ಡಿಯಾಗಿ ಒಡೆಯುತ್ತದೆಯೋ ನೋಡಿದರು. ಒಡೆದರೆ ದೀಪ ಮಿಣುಕುತ್ತಿದೆ, ಸಂಜೆಗೆ ತಲೆನೋವು ಎಂದು ವಿವರಣೆ ಬೇರೆ. ಕೊನೆಗೆ 24 ಇಂಚಿನ ಐಪಿಎಸ್ ಕೊಂಡರು. ನಾನು ತೋರಿಸಿದ್ದಕ್ಕಿಂತ ಚಿಕ್ಕದು, ಅದಕ್ಕಿಂತ ಅಗ್ಗದ್ದು. ಇಂಥವರಿಂದ ವ್ಯಾಪಾರಕ್ಕೂ ಶಾಸ್ತ್ರಕ್ಕೂ ಆಗುವ ನಷ್ಟವನ್ನು ಅಳೆಯುವವರು ಯಾರು?

ಹರ್ಟ್ಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 60 ಹರ್ಟ್ಸ್ ಎಂದರೆ ಸೆಕೆಂಡಿಗೆ 60 ಚಿತ್ರ, ಒಂದೊಂದು 16.67 ಮಿಲಿಸೆಕೆಂಡು. ಈಗ ಸಾಮಾನ್ಯ ಪರದೆಯೂ 100 ಹರ್ಟ್ಸ್, ಆಟದವರಿಗೆ 144, 165, 180. ಲಕ್ಷ್ಮೀನಗರದ ತಂದೆಯೊಬ್ಬರು ಕೌಂಟರಿನಲ್ಲಿ ಎತ್ತಿದ ಪ್ರಶ್ನೆ ಗಂಭೀರವಾದದ್ದು: ‘ನಮ್ಮ ಮನೆ ಕರೆಂಟೇ 50 ಹರ್ಟ್ಸ್, ಇದು 144 ಎಲ್ಲಿಂದ ತರುತ್ತೆ?’ ಅಂಗಡಿಯವನು ಒಂದು ಕ್ಷಣವೂ ಯೋಚಿಸದೆ ಒಂದು ಸ್ಟೆಬಿಲೈಸರ್ ಮಾರಿದ. ಶಂಕೆ ಪರಿಹಾರವಾಯಿತು. ಇನ್ನೊಂದು ಸಂಗತಿ: ಮನೆಗೆ ತಂದು ಕೇಬಲ್ ಸಿಕ್ಕಿಸಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಹೋಗಿ ಬದಲಿಸದಿದ್ದರೆ 144ರ ಪರದೆ ಎಷ್ಟೋ ಕಡೆ 60ರಲ್ಲೇ ಓಡುತ್ತಿರುತ್ತದೆ. ಹಾಗೇ ಬಿಡಿ. ಪ್ಯಾನೆಲ್ ಸವೆಯುವುದಿಲ್ಲ. ಪೆಟ್ಟಿಗೆಯ ಮೇಲಿನ 1 ಮಿಲಿಸೆಕೆಂಡು ಸ್ಪಂದನ ಕೂಡ ಹೀಗೆಯೇ. ಕೆಲವು ಪೆಟ್ಟಿಗೆಗಳಲ್ಲಿ ಅದು ಹಿಂಬೆಳಕನ್ನು ಮಿಟುಕಿಸಿ ಪಡೆದ ಅಂಕಿ, ಮಿಟುಕಿಸುವಾಗ ಪರದೆ ಮಂಕಾಗುತ್ತದೆ. ಮಂಕಾದರೂ ಬೇಗ ಮಂಕಾಗುತ್ತದೆ.

ಬೆಳಕಿನ ಪ್ರಮಾಣದಲ್ಲಿ ಜನ ಮೋಸಹೋಗುವುದಕ್ಕೆ ಅಂಗಡಿಯ ಟ್ಯೂಬ್‌ಲೈಟ್ ಕಾರಣ. ಮನೆಯಲ್ಲಿ ರಾತ್ರಿ ಓದಲು 120 ನಿಟ್ ಧಾರಾಳ. ಎಸ್‌ಆರ್‌ಜಿಬಿ ರೂಪಿಸಿದವರು 1996ರಲ್ಲಿ ಇಟ್ಟುಕೊಂಡದ್ದು ಬರೀ 80. ಅಂಗಡಿಯಲ್ಲಿ ಮಾತ್ರ ಪ್ರತಿ ಪರದೆಯೂ ‘ವಿವಿಡ್’ ಎಂಬ ಉನ್ಮಾದದಲ್ಲಿ ಪೂರ್ತಿ 250 ನಿಟ್ ಉಗುಳುತ್ತಿರುತ್ತದೆ. ಅದೇ ನೆಹರು ಪ್ಲೇಸಿನ ಬಟ್ಟೆ ಅಂಗಡಿಗಳಲ್ಲಿ ಗೃಹಿಣಿಯರು ಪರದೆ ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾರೆ. ಅವರ ಗಂಡಂದಿರು ನೂರು ಗಜ ಆಚೆ, ಆ ಬಟ್ಟೆಯ ಹತ್ತಾರು ಪಟ್ಟು ಹಣದ ಪರದೆಯನ್ನು ಅಂಗಡಿಯವನು ಇಟ್ಟ ಬೆಳಕಿನಲ್ಲೇ ಒಪ್ಪುತ್ತಾರೆ. ಬೆಳಕು-ಕತ್ತಲ ಹರವು ಹಿಗ್ಗಿಸುವ ಎಚ್‌ಡಿಆರ್ ಬಗ್ಗೆ ಕೇಳುವವರಿಗೆ: 2017ರ ಡಿಸೆಂಬರಿನಲ್ಲಿ ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆ ಇಟ್ಟ ಕನಿಷ್ಠ ಮೆಟ್ಟಿಲೇ 400 ನಿಟ್. 250 ನಿಟ್ಟಿನ ಪೆಟ್ಟಿಗೆಯ ಮೇಲೆ ‘ಎಚ್‌ಡಿಆರ್ ಸಪೋರ್ಟ್’ ಎಂದಿದ್ದರೆ, ಆ ಸಂಕೇತ ಬಂದಾಗ ಪರದೆ ಅದನ್ನು ಬಾಗಿಲಿನಿಂದ ಹೊರಗೆ ಹಾಕುವುದಿಲ್ಲ ಎಂದಷ್ಟೇ ಅರ್ಥ. ಬಾಗಿದ ಪರದೆಯ ಮೇಲಿನ 1500ಆರ್ ಎಂದರೆ ಒಂದೂವರೆ ಮೀಟರ್ ತ್ರಿಜ್ಯದ ವೃತ್ತದ ತುಂಡು. ಆ ವೃತ್ತದ ಉಳಿದ ಭಾಗ ಹಿಡಿಸುವ ಕೋಣೆ ದೆಹಲಿಯಲ್ಲಿ ಬಾಡಿಗೆಗೆ ಸಿಗುವುದು ಕಷ್ಟ.

ಸತ್ತ ಪಿಕ್ಸೆಲ್ ಕುರಿತು ಧರ್ಮಸೂಕ್ಷ್ಮವಿದೆ. ಸೀಲ್ ಒಡೆಯದೆ ಪರೀಕ್ಷೆ ಸಾಧ್ಯವಿಲ್ಲ. ಸೀಲ್ ಒಡೆದರೆ ‘ಅಬ್ ತೋ ಆಪ್ಕಾ ಹೋ ಗಯಾ’. ಹೀಗಾಗಿ ದೋಷ ಗೊತ್ತಾಗುವ ಕ್ಷಣವೂ ಅದು ನಿಮ್ಮದಾಗುವ ಕ್ಷಣವೂ ಒಂದೇ. ಅಂತರರಾಷ್ಟ್ರೀಯ ಮಾನಕವೂ ಅಂಗಡಿಯವನ ಪರವಾಗಿಯೇ ಇದೆ. ಐಎಸ್‌ಒ 9241ರ ಎರಡನೇ ದರ್ಜೆ, ಪ್ರತಿ ಹತ್ತು ಲಕ್ಷ ಚುಕ್ಕಿಗಳಿಗೆ ಸದಾ ಉರಿಯುವ 2, ಸದಾ ಸತ್ತ 2, ಅರೆಬರೆ ಕೆಟ್ಟ ಉಪಚುಕ್ಕಿ 5 ಇರಲು ಬಿಡುತ್ತದೆ. ಫುಲ್ ಎಚ್‌ಡಿಗೆ ಇದನ್ನು ಇಮ್ಮಡಿಸಿಕೊಳ್ಳಿ: 4 ದೀಪ, 4 ಹೆಣ, 10 ರೋಗಿ ಇದ್ದರೂ ಪರದೆ ಆರೋಗ್ಯವಾಗಿದೆ. ಇವುಗಳ ಜೊತೆಗೆ ಮಾನಕದಲ್ಲಿ ಹೇಳದ ಇನ್ನೊಂದು ಜಾತಿಯುಂಟು, ಚಲಿಸುವ ಪಿಕ್ಸೆಲ್. ಮಳೆಗಾಲದ ಕೊನೆಯಲ್ಲಿ ಬೆಳಕಿಗೆ ಬರುವ ಸಣ್ಣ ಹುಳುಗಳು ಅಂಚಿನ ಸಂದಿಯಿಂದ ಗಾಜಿನ ಹಿಂದೆ ನುಗ್ಗಿ, ಎಕ್ಸೆಲ್ ಹಾಳೆಯಲ್ಲಿ ದಶಮಾಂಶ ಬಿಂದುವಿನಂತೆ ನಡೆದಾಡುತ್ತವೆ. ಲೆಕ್ಕಪರಿಶೋಧಕರು ಗಾಬರಿಯಾಗಿ ಬೆರಳಿನಿಂದ ಒತ್ತುತ್ತಾರೆ. ಒತ್ತಬಾರದು. ಒತ್ತಿದರೆ ಅದು ಅಲ್ಲೇ ಸತ್ತು ಶಾಶ್ವತ ಪಿಕ್ಸೆಲ್ ಆಗುತ್ತದೆ, ವಾರಂಟಿ ಅದಕ್ಕೆ ಅನ್ವಯಿಸುವುದಿಲ್ಲ. ಪರದೆಯನ್ನೂ ಕೋಣೆಯ ದೀಪವನ್ನೂ ಆರಿಸಿ, ಪಕ್ಕದಲ್ಲಿ ಟೇಬಲ್ ಲ್ಯಾಂಪ್ ಇಟ್ಟು ಕಾದರೆ ಎಷ್ಟೋ ಸಲ ತಾನಾಗಿ ಹೊರಗೆ ಬರುತ್ತದೆ. ಈ ಲೇಖನದಲ್ಲಿ ಅಂಗಡಿಯವರಿಗೂ ನನಗೂ ಭಿನ್ನಾಭಿಪ್ರಾಯವಿಲ್ಲದ ಸಲಹೆ ಇದೊಂದೇ.

ಬೆಲೆಗೆ ಬರೋಣ. ಇಲ್ಲಿ ಪ್ರತಿ ಮಾನಿಟರಿಗೂ ಎರಡು ದರ, ಪಕ್ಕಾ ಬಿಲ್ಲಿನದು ಮತ್ತು ಬಿಲ್ಲಿಲ್ಲದ್ದು. ವ್ಯತ್ಯಾಸ ಜಿಎಸ್‌ಟಿಯಷ್ಟು. 32 ಇಂಚಿನವರೆಗಿನ ಮಾನಿಟರುಗಳ ತೆರಿಗೆ 28 ಶೇಕಡಾದಿಂದ 18ಕ್ಕೆ ಇಳಿದದ್ದು 2019ರ ಜನವರಿ 1ರಿಂದ. ಅದಕ್ಕಿಂತ ದೊಡ್ಡವು 28ರಲ್ಲೇ ಉಳಿದು, 2025ರ ಸೆಪ್ಟೆಂಬರ್ 22ರಿಂದ ಅವೂ 18ಕ್ಕೆ ಬಂದವು. ಈ 18 ಉಳಿಸಿದ ಜಾಣರು ಮೂರು ವರ್ಷದ ವಾರಂಟಿಯನ್ನು ತೋರಿಸಲು ಹೋದಾಗ ಸೇವಾ ಕೇಂದ್ರದ ಕಿಟಕಿಯಲ್ಲಿ ಮೊದಲು ಕೇಳುವುದು ಬಿಲ್ಲನ್ನೇ. ಹಿಂಬದಿಯ ಚೀಟಿಯಲ್ಲಿ ಬಿಐಎಸ್ ಗುರುತು, ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡುವ ದುರಭ್ಯಾಸವೂ ಕೆಲವರಿಗಿದೆ. ಕಡ್ಡಾಯ ನೋಂದಣಿ ಆದೇಶದಲ್ಲಿ ಮಾನಿಟರುಗಳೂ ಸೇರಿವೆಯಂತೆ ಎಂದು ವಾದಿಸುತ್ತಾರೆ. ಹಾಗೆ ನೋಡಲು ಪೆಟ್ಟಿಗೆ ತಿರುಗಿಸಬೇಕು. ಪೆಟ್ಟಿಗೆ ತಿರುಗಿಸಿದರೆ ಅಂಗಡಿಯವನ ಮನಸ್ಸಿಗೆ ನೋವಾಗುತ್ತದೆ.

ಚೌಕಾಸಿಯಲ್ಲಿ ನನ್ನ ಪದ್ಧತಿ ಬೇರೆ. ಮೊದಲು ಫೋನು ತೆಗೆದು ಆನ್‌ಲೈನ್ ದರ ತೋರಿಸಬೇಕು. ಅವನು ‘ವೋ ಮಾಲ್ ಅಲಗ್ ಹೈ’ ಅನ್ನುತ್ತಾನೆ. ನಾವು ಮೆಟ್ಟಿಲವರೆಗೆ ನಡೆಯಬೇಕು. ಅವನು ಕೂಗಿ ಕರೆದು 200 ರೂಪಾಯಿ ಇಳಿಸಿ, ಒಂದು ಮೌಸ್ ಪ್ಯಾಡ್ ಕೊಡುತ್ತಾನೆ. ಆ ಮೌಸ್ ಪ್ಯಾಡಿನ ಮೇಲೂ ಗಿಳಿ ಇರುತ್ತದೆ. ಚಿತ್ರದ ಗುಣಮಟ್ಟದಲ್ಲಿ ಎಷ್ಟೋ ಪರದೆಗಳಿಗಿಂತ ಅದು ಮೇಲು.

ಸರ್ಕಾರಿ ಖರೀದಿಯಲ್ಲಿ ಈ ಯಾವ ತೊಂದರೆಯೂ ಇಲ್ಲ. 2016ರಲ್ಲಿ ಬಂದ ಸರ್ಕಾರಿ ಇ-ಮಾರುಕಟ್ಟೆಯಲ್ಲಿ ಗುಣಲಕ್ಷಣ ಹೊಂದಿದವರ ಪೈಕಿ ಕಡಿಮೆ ದರ ಕೂಗಿದವನು ಎಲ್-1. ಅಲ್ಲಿಗೆ ಚರ್ಚೆ ಮುಗಿಯಿತು. ಭವನಗಳಲ್ಲಿ ಕೆಲಸ ಮಾಡುವ ನಮ್ಮವರ ಮೇಜಿನ ಮೇಲೆ ಹೊಸ ಐಪಿಎಸ್ ಪರದೆ ಬಂದು ಕೂತಿರುತ್ತದೆ. ಅದರ ಜೊತೆ ಬಂದ ಎಚ್‌ಡಿಎಂಐ ಕೇಬಲ್ ಪ್ಲಾಸ್ಟಿಕ್ ಚೀಲದಲ್ಲೇ ಭದ್ರವಾಗಿ ಡ್ರಾಯರಿನಲ್ಲಿರುತ್ತದೆ, ಏಕೆಂದರೆ ಅದು ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಾದ ವಸ್ತು. ಪರದೆಗೆ ಚುಚ್ಚಿರುವುದು 1987ರಲ್ಲಿ ಹುಟ್ಟಿದ ವಿಜಿಎ ಎಂಬ ನೀಲಿ ತಲೆಯ ಕೇಬಲ್. ಅದಕ್ಕೆ ಎರಡು ಸ್ಕ್ರೂ ಇವೆ, ಬಿಗಿದರೆ ಮಂತ್ರಿಗಳು ಬದಲಾದರೂ ಅಲ್ಲಾಡುವುದಿಲ್ಲ. ಅಕ್ಷರದ ಅಂಚು ಸ್ವಲ್ಪ ಮಸುಕು, ಅಷ್ಟೆ. ಕಡತವನ್ನು ಓದಿಯೇ ಸಹಿ ಹಾಕಬೇಕೆಂಬ ಹಟ ಇಲ್ಲದವರಿಗೆ ಅದು ಅಡ್ಡಿಯಲ್ಲ.

ಕೊಂಡ ಮಾನಿಟರನ್ನು ಮನೆಗೊಯ್ಯುವಾಗ ಮೆಟ್ರೊ ನಿಲ್ದಾಣದಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಪೆಟ್ಟಿಗೆಯನ್ನು ಎಕ್ಸ್‌ರೇ ಯಂತ್ರದೊಳಗೆ ತಳ್ಳಿಸುತ್ತಾರೆ. ಇಡೀ ವ್ಯವಹಾರದಲ್ಲಿ ವಸ್ತುವಿನ ಒಳಗೇನಿದೆ ಎಂದು ಪರದೆ ನೋಡಿ ಪರೀಕ್ಷಿಸುವ ಅಧಿಕೃತ ವ್ಯಕ್ತಿ ಆ ಯೋಧನೊಬ್ಬನೇ. ಅವನು ನೋಡುವ ಪರದೆಯಲ್ಲಿ ಕಿತ್ತಳೆ, ಹಸಿರು, ನೀಲಿ ಮೂರೇ ಛಾಯೆ, ಅಷ್ಟರಲ್ಲೇ ಅವನಿಗೆ ಎಲ್ಲ ತಿಳಿಯುತ್ತದೆ. ಆ ಪ್ಯಾನೆಲ್ ಯಾವ ಕುಲದ್ದೆಂದು ನಾನು ವಿಚಾರಿಸಿದೆ. ‘ಆಗೇ ಬಢೋ’ ಎಂದ.

ಪೆಟ್ಟಿಗೆಯನ್ನು ಒಂದು ತಿಂಗಳಾದರೂ ಎಸೆಯಬೇಡಿ, ಥರ್ಮಾಕೋಲಿನ ಸಮೇತ ಅಟ್ಟದ ಮೇಲಿಡಿ. ಬಿಲ್ಲಿನ ಶಾಯಿ ದೆಹಲಿಯ ಒಂದು ಬೇಸಿಗೆಗೆ ಬಿಳಚಿಕೊಳ್ಳುವಂಥದ್ದು. ಅಂದೇ ಫೋಟೊ ತೆಗೆದುಕೊಳ್ಳಿ. ಆ ಅಧ್ಯಾಪಕಿಯ ವಾರ್ಷಿಕ ವರದಿಯ ಒಂದು ಪ್ರತಿ ನನ್ನ ಬಳಿ ಇದೆ, ಕೇಳಿದವರಿಗೆಲ್ಲ ಗುಟ್ಟಾಗಿ ಕಳಿಸುತ್ತಿದ್ದೇನೆ. ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ, ತಜ್ಞರನ್ನು ಕರೆದೊಯ್ಯಬೇಡಿ. ಭಾನುವಾರ ಮಾತ್ರ ಬೇಡ. ಅಂದು ನೆಹರು ಪ್ಲೇಸಿನ ಅಂಗಡಿಗಳಿಗೆ ರಜೆ.